ನಿಮ್ಮ ಟೈಮು, ನಮ್ಮ ಟೈಮು ಮತ್ತು ಒಂದು ಗಂಟೆ

ನಮ್ಮ ಬಳಗದಲ್ಲಿ ಯಾರಿಗೇ ಆಗಲಿ "ಅಮೆರಿಕಾದಲ್ಲಿ ಈಗ ಎಷ್ಟು ಗಂಟೆ?" ಅಂತ ಗೊತ್ತಾಗಬೇಕಾದರೆ ಫೋನು ಬರೋದು ನನಗೆ. ನಾನಿರೋದು ಮಂಡ್ಯದಲ್ಲಿ. ದೊಡ್ಡಪ್ಪ ಮಳವಳ್ಳಿ ಕಡೆಯ ಹಳ್ಳಿಯಲ್ಲಿ, ಅವರ ಮಗ ಕ್ಯಾಲಿಫೋರ್ನಿಯಾದಲ್ಲಿ. ಚಿಕ್ಕಮ್ಮ ಮದ್ದೂರಿನ ಹತ್ತಿರ, ಅವರ ಮಗಳು ಲಂಡನ್ನಿನಲ್ಲಿ. ಇನ್ನೊಬ್ಬ ತಮ್ಮ ಸಿಡ್ನಿ ಸೇರಿದ್ದಾನೆ. ಯಾರು ಯಾರಿಗೆ ಯಾವಾಗ ಫೋನ್ ಮಾಡಬೇಕು ಅನ್ನೋ ಲೆಕ್ಕ ಹಾಕಿಕೊಡೋದು ನನ್ನ ಕೆಲಸ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಇತ್ತು ಅಂತ ಯಾಕೆ ಹೇಳ್ತಿದ್ದೀನಿ ಅಂದ್ರೆ....

2022ರ ನವೆಂಬರ್ 6, ಭಾನುವಾರ ರಾತ್ರಿ ನಮ್ಮಜ್ಜಿ ತೀರಿಕೊಂಡರು. ಅಪ್ಪನ ಅವ್ವ. ಮಳವಳ್ಳಿ ಕಡೆಯ ಅದೇ ಊರಿನಲ್ಲಿ. ಕ್ಯಾಲಿಫೋರ್ನಿಯಾದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅಜ್ಜಿಯೇ. ಅವನು ಎಷ್ಟೇ ಓಡಿದರೂ ಮಾರನೇ ದಿನದ ಮಣ್ಣಿಗೆ ಬರೋಕೆ ಆಗುತ್ತಿರಲಿಲ್ಲ. ವಿಡಿಯೋದಲ್ಲಾದರೂ ಕೊನೇ ಸಲ ಮುಖ ನೋಡ್ತೀನಿ ಅಂದ. ಊರಿನ ಮನೇಲಿ ಸಿಗ್ನಲ್ ಸಿಗಲ್ಲ, ಹೊಲದ ಹತ್ತಿರ ಸಿಗುತ್ತೆ. ಮಣ್ಣು ಮಾಡೋದೂ ಹೊಲದಲ್ಲೇ. ಹಾಗಾಗಿ ಅಲ್ಲಿಂದಲೇ ತೋರಿಸೋದು ಅಂತಾಯ್ತು. ಸೋಮವಾರ ಮಧ್ಯಾಹ್ನ 12ಕ್ಕೆ ಅಂತ ಹಿರಿಯರು ಹೇಳಿದರು. ನಾನು ಎಂದಿನಂತೆ ಲೆಕ್ಕ ಹಾಕಿ ಅವನಿಗೆ ಮೆಸೇಜ್ ಕಳಿಸಿದೆ: "ನಿಮ್ಮ ಟೈಮು ಭಾನುವಾರ ರಾತ್ರಿ 11:30. ರೆಡಿ ಇರು."

ಸೋಮವಾರ 12ಕ್ಕೆ ಹೊಲದಲ್ಲಿ ನಿಂತು ಫೋನ್ ಮಾಡಿದೆವು. ಎತ್ತಲಿಲ್ಲ. ಮತ್ತೆ ಮಾಡಿದೆವು. ಇಲ್ಲ. "ವೊತ್ತಾಯ್ತು, ಇನ್ನೆಷ್ಟು ಅಂತ ಕಾಯೋದು ಮಗ?" ಅಂದರು ಹಿರಿಯರು. ಕಾರ್ಯ ಮುಗೀತು. ಎಲ್ಲರೂ ಕೈಕಾಲು ತೊಳೆದುಕೊಂಡು ವಾಪಸ್ ಬರ್ತಾ ಇರುವಾಗ, ನಮ್ಮ ಗಡಿಯಾರದಲ್ಲಿ ಸರಿಯಾಗಿ ಒಂದು ಗಂಟೆಗೆ ಅವನೇ ಫೋನ್ ಮಾಡಿದ. ಹೊಸ ಶರ್ಟ್ ಹಾಕಿಕೊಂಡು ಕೂತಿದ್ದ. "ಅಕ್ಕಾ, ಇನ್ನೂ ಎತ್ತಿಲ್ವಾ?" ಅಂದ.

ಅಲ್ಲಿ ಆಗ ರಾತ್ರಿ 11:30. ನಾನು ಹೇಳಿದ ಟೈಮೇ. ಇನ್ನೂ ಒಂದು ಗಂಟೆ ಇದೆ ಅಂತ ಫೋನನ್ನು ಚಾರ್ಜಿಗೆ ಹಾಕಿ ಮಗು ಮಲಗಿಸ್ತಾ ಇದ್ದನಂತೆ.

ತಪ್ಪಿದ್ದು ಎಲ್ಲಿ? ಕ್ಯಾಲಿಫೋರ್ನಿಯಾಗೆ ನನ್ನ ಸೂತ್ರ ಸುಲಭದ್ದು. ಹಗಲು ರಾತ್ರಿ ಅದಲು ಬದಲು ಮಾಡಿ ಅರ್ಧ ಗಂಟೆ ಕಳೀರಿ. ಮಂಡ್ಯದಲ್ಲಿ ಮಧ್ಯಾಹ್ನ 12 ಅಂದ್ರೆ ಅಲ್ಲಿ ಹಿಂದಿನ ರಾತ್ರಿ 11:30. ಅಂದ್ರೆ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಇದು ವರ್ಷದಲ್ಲಿ ಸುಮಾರು ಎಂಟು ತಿಂಗಳು ಸರಿ. ಆದರೆ ನವೆಂಬರಿನ ಮೊದಲ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಅಲ್ಲಿಂದ ಮಾರ್ಚಿಯ ಎರಡನೇ ಭಾನುವಾರದವರೆಗೆ ವ್ಯತ್ಯಾಸ ಹದಿಮೂರೂವರೆ ಗಂಟೆ. 2022ರಲ್ಲಿ ಆ ಭಾನುವಾರ ನವೆಂಬರ್ 6. ಅಜ್ಜಿ ಹೋದ ದಿನವೇ. ನಮ್ಮ ಮಧ್ಯಾಹ್ನ 12ಕ್ಕೆ ಅಲ್ಲಿ 10:30 ಆಗಿತ್ತು.

ನನಗೆ ಇವತ್ತಿಗೂ ಚುಚ್ಚೋದು ಇದಲ್ಲ. ಅವನಿಗೆ ಇದು ಗೊತ್ತಿತ್ತು! ಆ ಬೆಳಗ್ಗೆ ತಾನೇ ಅಡಿಗೆಮನೆ ಗಡಿಯಾರವನ್ನು ಕೈಯಾರೆ ಹಿಂದಕ್ಕೆ ತಿರುಗಿಸಿದ್ದ. ನಾನು ಬರೀ "ಮಂಡ್ಯ ಟೈಮು ಸೋಮವಾರ ಮಧ್ಯಾಹ್ನ 12" ಅಂತ ಬರೆದಿದ್ದರೆ ಅವನೇ ಸರಿಯಾಗಿ ಲೆಕ್ಕ ಹಾಕಿಕೊಳ್ತಿದ್ದ. ಅಕ್ಕ ಹೇಳಿದ ಮೇಲೆ ಸರಿಯಾಗೇ ಇರುತ್ತೆ ಅಂತ ನಂಬಿದ. ಗೊತ್ತಿಲ್ಲದ ನಾನು ಲೆಕ್ಕ ಮಾಡಿದೆ, ಗೊತ್ತಿದ್ದ ಅವನು ಸುಮ್ಮನಿದ್ದ.

ಹಾಗಾಗಿ ನನ್ನ ವಾದ ಇಷ್ಟೇ. ದೂರದವರ ಜೊತೆ ಟೈಮು ಗೊತ್ತು ಮಾಡಿಕೊಳ್ಳುವಾಗ ಗಡಿಯಾರ ಬದಲಾಗದ ಊರಿನ ಟೈಮನ್ನೇ ಹೇಳಬೇಕು, ಬರೀಬೇಕು. ಲೆಕ್ಕ ಮಾಡಬೇಕಾದವರು ಗಡಿಯಾರ ಬದಲಾಗುವ ಊರಿನಲ್ಲಿ ಇರೋರು. ಅವರ ಗಡಿಯಾರ ಯಾವತ್ತು ತಿರುಗುತ್ತೆ ಅನ್ನೋದು ಅವರಿಗೆ ಗೊತ್ತಿರುತ್ತೆ. ಇಡೀ ಊರೇ ತಿರುಗಿಸುತ್ತಲ್ಲ. ನಮಗೆ ಇಲ್ಲಿ ಯಾರು ಬಂದು ಹೇಳ್ತಾರೆ?

ನಮ್ಮ ಗಡಿಯಾರ ಬದಲಾಗಲ್ಲ ಅನ್ನೋದೂ ಹಿಂದಿನಿಂದ ಬಂದ ಮಾತೇನಲ್ಲ. ಇಡೀ ದೇಶಕ್ಕೊಂದೇ ಟೈಮು ಅಂತ ಬಂದದ್ದು 1906ರಲ್ಲಿ. ಅದಕ್ಕೆ ಮುಂಚೆ ಊರೂರಿಗೂ ಸೂರ್ಯನ ಟೈಮು, ರೈಲಿಗೆ ಮದ್ರಾಸಿನ ಟೈಮು. ಮಳವಳ್ಳಿಗೆ ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಲ್ಲಿಂದ ಗಾಡಿ ಕಟ್ಟಿಕೊಂಡು ಮದ್ದೂರು ಸ್ಟೇಷನ್ನಿಗೆ ಬರೋರಿಗೆ ಊರಿನ ಸೂರ್ಯನಿಗೂ ರೈಲಿನ ಗಡಿಯಾರಕ್ಕೂ ಹದಿಮೂರು ನಿಮಿಷದಷ್ಟು ವ್ಯತ್ಯಾಸ ಬರ್ತಿತ್ತು. ಮದ್ದೂರು ವಡೆ ಹುಟ್ಟಿದ್ದೇ ರೈಲು ಎಣಿಸಿದ್ದಕ್ಕಿಂತ ಬೇಗ ಬಂದುಬಿಟ್ಟಿದ್ದಕ್ಕೆ, ಇದ್ದ ಹಿಟ್ಟುಗಳನ್ನೆಲ್ಲ ಬೆರೆಸಿ ಅವಸರದಲ್ಲಿ ಎಣ್ಣೆಗೆ ಬಿಟ್ಟರು ಅಂತ ಒಂದು ಕಥೆ ಇದೆಯಲ್ಲ.... ಟೈಮು ತಪ್ಪಿದ್ದರಿಂದ ಒಳ್ಳೇದಾದ ಉದಾಹರಣೆ ನನಗೆ ಗೊತ್ತಿರೋದು ಅದೊಂದೇ :-)

ಆಮೇಲೆ ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942ರಿಂದ 1945ರವರೆಗೆ, ನಮ್ಮ ದೇಶದಲ್ಲೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಈಗ ಮಂಡ್ಯದ ಗಡಿಯಾರ ಅಲ್ಲಾಡಲ್ಲ. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ಹನ್ನೆರಡು ತಿಂಗಳೂ. ಆಕಾಶದ ಸೂರ್ಯನಿಗೆ ಹೋಲಿಸಿದರೆ ಅದು ಇಪ್ಪತ್ತೆರಡು ನಿಮಿಷದಷ್ಟು ಮುಂದೆ ಓಡುತ್ತೆ ನಿಜ. ಯಾಕಂದ್ರೆ ಈ ಟೈಮು ಅಲಹಾಬಾದಿನ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು, ನಾವಿರೋದು 77ರ ಆಸುಪಾಸಿನಲ್ಲಿ. ಆದರೂ ವರ್ಷವಿಡೀ ಒಂದೇ ಥರ ಇರುತ್ತಲ್ಲ, ಅದೇ ಅದರ ದೊಡ್ಡ ಗುಣ.

ಮದ್ದೂರಿನ ಚಿಕ್ಕಮ್ಮನ ಕಥೆ ಕೇಳಿ. ಅವರ ಮಗಳು ಲಂಡನ್ನಿನಲ್ಲಿ ಊಟದ ಬಿಡುವಿನಲ್ಲಿ, ಅಲ್ಲಿನ ಮಧ್ಯಾಹ್ನ ಒಂದು ಗಂಟೆಗೆ ದಿನಾ ಫೋನ್ ಮಾಡ್ತಾಳೆ. ಚಳಿಗಾಲದಲ್ಲಿ ಲಂಡನ್ನಿಗೂ ನಮಗೂ ಐದೂವರೆ ಗಂಟೆ. ಮುಳ್ಳಿನ ಗಡಿಯಾರವನ್ನು ತಲೆಕೆಳಗೆ ಹಿಡಿದು ನೋಡಿದರೆ ಲಂಡನ್ ಟೈಮು ಕಾಣುತ್ತೆ, ಮಾಡಿ ನೋಡಿ! ಅವಳ ಒಂದು ಗಂಟೆಗೆ ಇಲ್ಲಿ ಸಂಜೆ 6:30. ಚಿಕ್ಕಮ್ಮ ಹಾಲು ಕರೆದು, ಡೈರಿಗೆ ಹಾಕಿ ಬಂದು ಕೂತಿರೋ ಹೊತ್ತು. ಹಾಯಾಗಿ ಮಾತು. ಮಾರ್ಚಿಯ ಕೊನೇ ಭಾನುವಾರ ಅಲ್ಲಿ ಗಡಿಯಾರ ಮುಂದಕ್ಕೆ ಹೋಗುತ್ತೆ. ಅಕ್ಟೋಬರಿನ ಕೊನೇ ಭಾನುವಾರದವರೆಗೆ ಅವಳ ಒಂದು ಗಂಟೆ ಅಂದ್ರೆ ನಮ್ಮ 5:30. ಸರಿಯಾಗಿ ಹಸುವಿನ ಕೆಚ್ಚಲಿಗೆ ಕೈ ಹಾಕಿರೋ ಹೊತ್ತು. ಡೈರಿಯೋರು ಕಾಯಲ್ಲ. ಚಿಕ್ಕಮ್ಮ ಭುಜಕ್ಕೂ ಕಿವಿಗೂ ಮಧ್ಯೆ ಫೋನ್ ಸಿಕ್ಕಿಸಿಕೊಂಡು ಮಾತಾಡ್ತಾರೆ. ಒಂದು ದಿನ ನನಗೇ ಕೇಳಿದರು: "ಅವ್ರು ಗಡಿಯಾರ ತಿರುಗಿಸ್ಕಂಡ್ರೆ ನನ್ ಹಸೀಗೇನ್ ಗೊತ್ತಾಯ್ತದವ್ವ?"

ನನಗೆ ಉತ್ತರ ಹೊಳೀಲಿಲ್ಲ. ಮಗಳಿಗೆ ಈ ವಿಷಯ ಹೇಳಿದಾಗ ಪಾಪ, ಅತ್ತೇಬಿಟ್ಟಳು. "ಅವ್ವ ಯಾಕೋ ಬೇಸಿಗೆ ಬಂದ್ರೆ ನನ್ನತ್ರ ಸರಿಯಾಗಿ ಮಾತಾಡಲ್ಲ ಅಂತ ಅಂದ್ಕೊಂಡಿದ್ದೆ ಅಕ್ಕಾ" ಅಂದಳು. ಈಗ ಅವಳು "ಊರಿನ ಸಂಜೆ ಆರೂವರೆ" ಅಂತ ಇಟ್ಟುಕೊಂಡಿದ್ದಾಳೆ. ಬೇಸಿಗೆಯಲ್ಲಿ ಊಟದ ಬಿಡುವನ್ನು ಒಂದು ಗಂಟೆ ತಡ ಮಾಡಿಕೊಳ್ತಾಳೆ.

"ಇದೆಲ್ಲಾ ಯಾಕೆ, ಮೊಬೈಲಿನಲ್ಲೇ ಎಲ್ಲಾ ದೇಶದ ಗಡಿಯಾರ ಬರುತ್ತಲ್ಲ?" ಅಂತ ನೀವು ಕೇಳಬಹುದು. ಬರುತ್ತೆ. ಆದರೆ ಅದು ತೋರಿಸೋದು ಈಗ ಎಷ್ಟು ಗಂಟೆ ಅಂತ. ನಮಗೆ ಬೇಕಾಗಿರೋದು ನಾಳೆಯದ್ದು, ಮುಂದಿನ ವಾರದ್ದು. ಇವತ್ತಿನ ವ್ಯತ್ಯಾಸ ನೋಡಿಕೊಂಡು ಮುಂದಿನ ವಾರದ ಟೈಮು ಹೇಳಿದರೆ ಮಧ್ಯದಲ್ಲೊಂದು ಭಾನುವಾರ ಬಂದು ಲೆಕ್ಕ ಕೆಡಿಸಬಹುದು. ಆ ಭಾನುವಾರಗಳೂ ಒಂದೇ ಅಲ್ಲ. ಅಮೆರಿಕಾದ್ದೇ ಬೇರೆ, ಲಂಡನ್ನಿನದ್ದೇ ಬೇರೆ. ಸಿಡ್ನಿಯಲ್ಲಿ ಅಕ್ಟೋಬರಿನ ಮೊದಲ ಭಾನುವಾರ ಮುಂದಕ್ಕೆ, ಏಪ್ರಿಲಿನ ಮೊದಲ ಭಾನುವಾರ ಹಿಂದಕ್ಕೆ, ಅಂದ್ರೆ ಪೂರ್ತಿ ಉಲ್ಟಾ. ಅಮೆರಿಕಾದೊಳಗೇ ಹವಾಯಿಯಲ್ಲೂ ಅರಿಜೋನಾದ ಬಹುಭಾಗದಲ್ಲೂ ಬದಲಾಯಿಸೋದೇ ಇಲ್ಲ. ನಿಯಮವಾದರೂ ಸ್ಥಿರವೇ ಅಂದ್ರೆ ಅದೂ ಇಲ್ಲ. 2006ರವರೆಗೆ ಅಮೆರಿಕಾದಲ್ಲಿ ಏಪ್ರಿಲಿನ ಮೊದಲ ಭಾನುವಾರದಿಂದ ಅಕ್ಟೋಬರಿನ ಕೊನೇ ಭಾನುವಾರದವರೆಗೆ ಇತ್ತು, 2007ರಿಂದ ಈಗಿನ ಹಾಗೆ. ಇದನ್ನೆಲ್ಲ ಮಂಡ್ಯದಲ್ಲಿ ಕೂತ ನಾನು, ಮಳವಳ್ಳಿ ಹಳ್ಳಿಯಲ್ಲಿ ಕೂತ ದೊಡ್ಡಪ್ಪ ಯಾಕೆ ಬಾಯಿಪಾಠ ಮಾಡಬೇಕು?

ಇನ್ನೊಂದು ಆಕ್ಷೇಪಣೆ ನ್ಯಾಯವಾದದ್ದು. "ಅವರೂ ದುಡಿಯೋರು, ಅವರ ನಿದ್ದೆಗೂ ಬೆಲೆ ಇಲ್ವಾ?" ಖಂಡಿತ ಇದೆ. ಟೈಮು ಆರಿಸುವಾಗ ಅವರ ಅನುಕೂಲ ನೋಡಲೇಬೇಕು. ನಾವು ನಾಲ್ಕೂ ಕಡೆಯವರು ಸೇರೋದು ಮಂಡ್ಯ ಟೈಮು ಭಾನುವಾರ ಬೆಳಗ್ಗೆ 11:30ಕ್ಕೆ. ಜುಲೈನಲ್ಲಿ ಅದು ಲಂಡನ್ನಿಗೆ ಬೆಳಗ್ಗೆ 7, ಸಿಡ್ನಿಗೆ ಸಂಜೆ 4, ಕ್ಯಾಲಿಫೋರ್ನಿಯಾಗೆ ಶನಿವಾರ ರಾತ್ರಿ 11. ಜನವರಿಯಲ್ಲಿ ಲಂಡನ್ನಿಗೆ 6, ಸಿಡ್ನಿಗೆ 5, ಕ್ಯಾಲಿಫೋರ್ನಿಯಾಗೆ ರಾತ್ರಿ 10. ಎಲ್ಲರಿಗೂ ಒಂದಿಷ್ಟು ಕಷ್ಟ, ಯಾರಿಗೂ ಅಸಾಧ್ಯ ಅಲ್ಲ. ಆರಿಸೋದು ಎಲ್ಲರೂ ಸೇರಿ. ಆರಿಸಿದ ಮೇಲೆ ಬರೆಯೋದು ಮಾತ್ರ ಮಂಡ್ಯ ಟೈಮು.

ಬರೆಯುವಾಗಲೂ ಎರಡು ಮಾತು. "ನಮ್ಮ ಟೈಮು, ನಿಮ್ಮ ಟೈಮು" ಅಂತ ಬರೀಲೇಬೇಡಿ. ಆ ಮೆಸೇಜನ್ನು ಒಬ್ಬರು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿದ ತಕ್ಷಣ "ನಮ್ಮ" ಅಂದ್ರೆ ಯಾರು ಅನ್ನೋದೇ ಕಳೆದುಹೋಗುತ್ತೆ. ಊರಿನ ಹೆಸರು ಹಾಕಿ. ಐಎಸ್‌ಟಿ ಅಂತಲೂ ಬೇಡ, ಇಸ್ರೇಲಿನವರೂ ಐರ್ಲೆಂಡಿನವರೂ ತಮ್ಮ ಟೈಮಿಗೆ ಅದೇ ಮೂರಕ್ಷರ ಬಳಸ್ತಾರೆ. ಎರಡನೇದು, ವಾರ, ತಾರೀಕು ಎರಡೂ ಇರಲಿ. ನಮ್ಮ ಹಿರಿಯರಿಗೆ ದಿನ ಶುರುವಾಗೋದು ಸೂರ್ಯ ಹುಟ್ಟಿದಾಗ, ಪಂಚಾಂಗದಲ್ಲಿ ವಾರ ಬದಲಾಗೋದೂ ಆಗಲೇ. "ಭಾನುವಾರ ರಾತ್ರಿ ಎರಡು ಗಂಟೆ" ಅಂತ ದೊಡ್ಡಪ್ಪ ಹೇಳಿದರೆ ಕ್ಯಾಲೆಂಡರಿನಲ್ಲಿ ಅದು ಸೋಮವಾರ. ಮಗ ಇಪ್ಪತ್ನಾಲ್ಕು ಗಂಟೆ ಮುಂಚೆಯೇ ಕಾಯ್ತಾ ಕೂತಿರ್ತಾನೆ. "ಸೋಮವಾರ ಬೆಳಗಿನ ಜಾವ 2" ಅಂತ ಬರೆದರೆ ಗೊಂದಲ ಇಲ್ಲ.

ಒಂದು ಗಂಟೆ ಆಚೆ ಈಚೆ ಆದರೆ ಏನು ಮಹಾ ಅಂತ ನಾನೂ ಅನ್ನುತ್ತಿದ್ದೆ. ಆಫೀಸಿನ ಮೀಟಿಂಗ್ ಆದರೆ ಇನ್ನೊಂದು ದಿನ ಇಟ್ಟುಕೊಳ್ಳಬಹುದು.

ತಮ್ಮ ಅವತ್ತು ನನಗೆ ಒಂದು ಮಾತೂ ಬಯ್ಯಲಿಲ್ಲ. "ಇರ್ಲಿ ಬಿಡಕ್ಕಾ, ನಿಂದೇನ್ ತಪ್ಪು" ಅಂದ. ಫೋನನ್ನು ಹಸಿ ಮಣ್ಣಿನ ಕಡೆ ತಿರುಗಿಸಿ ಹಿಡಿದೆ. ಸ್ವಲ್ಪ ಹೊತ್ತು ನೋಡಿದ, ಇಟ್ಟ.

ಮುಂದಿನ ವರ್ಷ ಎಡೆ ಇಡೋ ದಿನಕ್ಕೆ ಅವನಿಗೆ ಹೀಗೆ ಬರೆದೆ: "ಮಂಡ್ಯ ಟೈಮು ಮಧ್ಯಾಹ್ನ 12. ಲೆಕ್ಕ ನೀನೇ ಹಾಕಿಕೋ." ವಾರ, ತಾರೀಕೂ ಬರೆದಿದ್ದೆ. ಐದು ನಿಮಿಷ ಮುಂಚೆಯೇ ಬಂದು ಕೂತಿದ್ದ.

ನಿಮ್ಮ ಮನೇಲಿ ಈ ಲೆಕ್ಕ ಹಾಕೋರು ಯಾರು? ಇಲ್ಲಿರೋರೋ, ಅಲ್ಲಿರೋರೋ? ಇಲ್ಲಿರೋರಾದರೆ ಇವತ್ತೇ ಆ ಕೆಲಸಕ್ಕೆ ರಾಜೀನಾಮೆ ಕೊಡಿ ಅನ್ನೋದು ನನ್ನ ಸಲಹೆ. ನೀವೇನಂತೀರಿ?