ಕರಾವಳಿಯ ಕಾವಲಿನ ಲೆಕ್ಕ

ತಿಂಗಳ ಕೊನೆಯಲ್ಲಿ ಮನೆಯ ಲೆಕ್ಕದ ಪುಸ್ತಕವನ್ನು ತೆರೆದು ಕುಳಿತವರಿಗೆ ಎರಡು ಬಗೆಯ ಪ್ರಶ್ನೆಗಳು ಏಳುವುವು. ಹಣವೆಷ್ಟು ವೆಚ್ಚವಾಯಿತೆಂಬುದು ಮೊದಲನೆಯದು. ಕೊಂಡ ವಸ್ತುವು ಬೇಕಾದ ಕಾಲಕ್ಕೆ ಒದಗಿತೇ ಎಂಬುದು ಎರಡನೆಯದು. ಬಾವಿಯ ಹಗ್ಗಕ್ಕೆ ಕೊಟ್ಟ ದುಡ್ಡಿನ ಲೆಕ್ಕವು ಕಾಸಿಗೆ ಕಾಸು ಸರಿಯಾಗಿರಬಹುದು. ಆದರೆ ಹಗ್ಗವು ಜೀರ್ಣವಾಗಿ ಕೊಡವು ಬಾವಿಯ ಪಾಲಾದರೆ ಆ ಲೆಕ್ಕದಿಂದ ಬಾಯಾರಿಕೆ ತೀರದು. ರಾಜ್ಯದ ಲೆಕ್ಕಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಈ ಎರಡನೆಯ ಬಗೆಯ ಪರೀಕ್ಷೆಗೆ ಕಾರ್ಯನಿರ್ವಹಣೆಯ ಲೆಕ್ಕಪರಿಶೋಧನೆಯೆಂದು ಹೆಸರು. ಇದಕ್ಕೆ ನಿದರ್ಶನವಾಗಿ ನಮ್ಮ ದೇಶದ ಕರಾವಳಿಯ ಕಾವಲಿನ ವಿಷಯವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಈ ವಿಚಾರವು ನಮ್ಮವರಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ಹೇಳಿದೆ. ಬಿರುಗಾಳಿಗೆ ಸಿಕ್ಕಿ ಬಂದ ನಾವೆಗೆ ಅವನು ತಂದೆಯ ಸ್ಥಾನದಲ್ಲಿ ನಿಂತು ನೆರವಾಗಬೇಕು. ಆಳುಗಳ ಅಥವಾ ಸಲಕರಣೆಗಳ ಕೊರತೆಯಿಂದಾಗಲಿ, ದುರಸ್ತಿಯಿಲ್ಲದೆಯಾಗಲಿ ನಾವೆಯು ಹಾಳಾದರೆ ಆ ನಷ್ಟವನ್ನು ಅವನೇ ತುಂಬಿಕೊಡತಕ್ಕದ್ದೆಂದು ಅಲ್ಲಿ ವಿಧಿಯುಂಟು. ಆಳು, ಸಲಕರಣೆ, ದುರಸ್ತಿ ಎಂಬ ಈ ಮೂರನ್ನೇ ಇಂದಿನ ಪರಿಶೋಧಕರೂ ವಿಚಾರಿಸುವರು.

ಸ್ವತಂತ್ರ ಭಾರತದಲ್ಲಿ ಸಮುದ್ರಮಾರ್ಗವಾಗಿ ಕಳ್ಳಸಾಗಣೆಯು ಹೆಚ್ಚಿದಾಗ, ಅದನ್ನು ತಡೆಯುವ ಉಪಾಯವನ್ನು ಸೂಚಿಸಲು 1974ರಲ್ಲಿ ಕೆ. ಎಫ್. ರುಸ್ತಮ್‌ಜಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಲಾಯಿತು. ಅದರ ಸಲಹೆಯ ಫಲವಾಗಿ 1977ರ ಫೆಬ್ರವರಿ 1ರಂದು ಕರಾವಳಿ ರಕ್ಷಣಾ ಪಡೆಯು ತಾತ್ಕಾಲಿಕವಾಗಿ ಆರಂಭವಾಯಿತು. 1978ರ ಆಗಸ್ಟಿನಲ್ಲಿ ಶಾಸನದ ಮೂಲಕ ಸ್ಥಿರಗೊಂಡಿತು. ಆಗ ಅದರ ಬಳಿಯಿದ್ದುದು ಏಳೇ ಹಡಗುಗಳು. ಕಳ್ಳಸಾಗಣೆಯನ್ನು ತಡೆಯುವುದು, ಆಪತ್ತಿನಲ್ಲಿರುವ ಬೆಸ್ತರನ್ನು ರಕ್ಷಿಸುವುದು, ಸಮುದ್ರವು ಮಲಿನವಾಗದಂತೆ ನೋಡಿಕೊಳ್ಳುವುದು ಮುಂತಾದ ಕಾರ್ಯಗಳು ಅದರ ಪಾಲಿಗೆ ಬಂದುವು.

2008ರ ನವೆಂಬರ್ 26ರ ರಾತ್ರಿ ನಡೆದುದನ್ನು ವಾಚಕರು ಮರೆತಿರಲಾರರು. ಹತ್ತು ಮಂದಿ ಆಯುಧಪಾಣಿಗಳು ನಮ್ಮದೇ ಮೀನುಗಾರಿಕೆಯ ದೋಣಿಯೊಂದನ್ನು ವಶಪಡಿಸಿಕೊಂಡು, ಸಮುದ್ರದ ಮೂಲಕ ಮುಂಬಯಿಗೆ ಬಂದಿಳಿದು, 160ಕ್ಕೂ ಹೆಚ್ಚು ಜನರ ಪ್ರಾಣಹರಣಕ್ಕೆ ಕಾರಣರಾದರು. ಮುಂದೆ 2009ರ ಫೆಬ್ರವರಿಯಲ್ಲಿ ದಡಕ್ಕೆ ಹೊಂದಿದ ನೀರಿನ ಕಾವಲಿನ ಹೊಣೆಯನ್ನೂ ಈ ಪಡೆಗೇ ವಹಿಸಲಾಯಿತು.

ಹೊಣೆಯು ಬೆಳೆಯಿತು, ಅದಕ್ಕೆ ತಕ್ಕ ಸಾಧನಗಳು ಬೆಳೆದುವೇ? ಭಾರತದ ಮಹಾಲೆಕ್ಕಪರಿಶೋಧಕರು ಇದನ್ನೇ ಪರೀಕ್ಷಿಸಿದರು. ಅವರ ವರದಿಯು 2011ರಲ್ಲಿ ಸಂಸತ್ತಿನ ಮುಂದೆ ಬಂದಿತು. ವೇಗವಾಗಿ ಚಲಿಸುವ ಗಸ್ತು ಹಡಗುಗಳಲ್ಲಿ ನೂರಕ್ಕೆ 72ರಷ್ಟು, ದೂರಸಮುದ್ರದ ದೊಡ್ಡ ಗಸ್ತು ಹಡಗುಗಳಲ್ಲಿ ನೂರಕ್ಕೆ 47ರಷ್ಟು, ದಡದ ಬಳಿ ಅಟ್ಟಿಸಿಕೊಂಡು ಹೋಗುವ ದೋಣಿಗಳಲ್ಲಿ ನೂರಕ್ಕೆ 37ರಷ್ಟು ತಮ್ಮ ಆಯುಸ್ಸನ್ನು ಕಳೆದು, ವಿಸ್ತರಿಸಿದ ಅವಧಿಯಲ್ಲಿ ಓಡುತ್ತಿದ್ದುವು. ಕೆಲವಕ್ಕೆ ಆ ಅವಧಿಯೂ ಮುಗಿದಿದ್ದಿತು. ಮುಂಬಯಿಯ ಘಟನೆಯ ತರುವಾಯ ಮಂಜೂರಾದ 14 ಹೊಸ ಠಾಣೆಗಳಲ್ಲಿ 2010ರ ಡಿಸೆಂಬರಿನವರೆಗೆ ಕಾರ್ಯಾರಂಭ ಮಾಡಿದುವು ಐದು ಮಾತ್ರ. ಪಡೆಗೆ ಹಣವೂ ಮಂಜೂರಾತಿಯೂ ಬಹುಮಟ್ಟಿಗೆ ಬಂದುದು ದುರಂತವು ನಡೆದ ಬಳಿಕವೇ ಎಂದು ಪರಿಶೋಧಕರು ಕಂಡರು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯು ಇಲ್ಲಿ ನೆನಪಿಗೆ ಬರುತ್ತದೆ.

ದಡದಲ್ಲಿ ಕುಳಿತು ಕಾಗದಗಳನ್ನು ತಿರುವಿಹಾಕುವವರಿಗೆ ಅಲೆಯ ಹೊಡೆತವು ಹೇಗೆ ತಿಳಿದೀತೆಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹಳೆಯ ಹಡಗೆಲ್ಲವೂ ಕೆಲಸಕ್ಕೆ ಬಾರದ ಹಡಗಲ್ಲ; ನಿಪುಣರಾದ ನಾವಿಕರು ಅದನ್ನೂ ಚೆನ್ನಾಗಿಯೇ ನಡೆಸಬಲ್ಲರು. ಆದರೆ ಪರಿಶೋಧಕರು ನಾವಿಕರ ಧೈರ್ಯವನ್ನು ಅಳೆಯಲು ಹೊರಟವರಲ್ಲ. ಆ ಧೈರ್ಯಕ್ಕೆ ತಕ್ಕ ಹಡಗನ್ನು ಸರಕಾರವು ಸಕಾಲದಲ್ಲಿ ಒದಗಿಸಿತೇ ಎಂದು ಅವರು ಕೇಳುತ್ತಾರೆ. ನಾವಿಕನು ತಾನಾಗಿ ಕೇಳಲು ಸಂಕೋಚಪಡುವ ಪ್ರಶ್ನೆಯನ್ನು ಅವನ ಪರವಾಗಿ ಕೇಳುವವರೆಂದು ಅವರನ್ನು ಭಾವಿಸುವುದು ಉಚಿತವಾಗಿದೆ.

ಆ ವರದಿಯ ಕಾಲದಿಂದೀಚೆಗೆ ಸ್ಥಿತಿಯು ಬಹಳ ಸುಧಾರಿಸಿದೆಯೆಂಬುದನ್ನೂ ಹೇಳಬೇಕು. ಏಳು ಹಡಗುಗಳಿಂದ ಆರಂಭವಾದ ಪಡೆಯಲ್ಲಿ ಈಗ 150ಕ್ಕೂ ಮೇಲ್ಪಟ್ಟು ಹಡಗುಗಳೂ ದೋಣಿಗಳೂ ಇವೆ. ನಮ್ಮ ನಾಡಿನ ಪಣಂಬೂರು, ಕಾರವಾರಗಳಲ್ಲಿಯೂ ಅದರ ನೆಲೆಗಳುಂಟು. ಆದರೂ ಸಂಖ್ಯೆಯೊಂದನ್ನೇ ಕೇಳಿ ತೃಪ್ತರಾಗತಕ್ಕದ್ದಲ್ಲ. ಅವುಗಳಲ್ಲಿ ಎಷ್ಟು ಈ ದಿನ ಲಂಗರೆತ್ತಲು ಸಿದ್ಧವಾಗಿವೆ, ಎಷ್ಟು ದುರಸ್ತಿಗೆ ಕಾದು ನಿಂತಿವೆ ಎಂಬುದೇ ಮುಖ್ಯ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ದೋಣಿಯೊಂದು ಏಳು ಮಂದಿ ಮೀನುಗಾರರೊಡನೆ ಕಣ್ಮರೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಕಡಲಿನಲ್ಲಿ ಪತ್ತೆಯಾದುದು ಮುಂದಿನ ಮೇ ತಿಂಗಳಿನಲ್ಲಿ. ಅದಕ್ಕೆ ಯಾರನ್ನೂ ಇಲ್ಲಿ ದೂಷಿಸುತ್ತಿಲ್ಲ. ಆದರೆ ಆ ತಿಂಗಳುಗಳಲ್ಲಿ ಬಾಗಿಲಲ್ಲಿ ನಿಂತು ದಾರಿ ನೋಡಿದ ಹೆಂಗಸರನ್ನೂ ಮಕ್ಕಳನ್ನೂ ನೆನೆದರೆ, ಹುಡುಕಲು ಹೊರಡುವ ಹಡಗು ಸದಾ ಸಜ್ಜಾಗಿರಬೇಕೆಂಬ ಮಾತಿನ ತೂಕವು ತಿಳಿಯುತ್ತದೆ.

ಪರಿಶೋಧಕರ ವರದಿಗಳು ಸಂವಿಧಾನದ ವಿಧಿಯಂತೆ ಸಂಸತ್ತಿನ ಮುಂದೆ ಬರುತ್ತವೆ. ಅನಂತರ ಅವನ್ನು ಯಾರು ಬೇಕಾದರೂ ಓದಬಹುದು. ಹಗ್ಗವನ್ನು ಎಳೆದು ನೋಡಿ ಕೊಡವನ್ನಿಳಿಸುವ ಗೃಹಸ್ಥರು ಇವುಗಳ ಮೇಲೆಯೂ ಆಗಾಗ್ಗೆ ಕಣ್ಣಾಡಿಸಿ, ಮತ ಕೇಳಲು ಮನೆಗೆ ಬರುವವರನ್ನು ಇವುಗಳ ವಿಷಯವಾಗಿ ವಿಚಾರಿಸುವುದಾದರೆ, ಆ ವರದಿಗಳನ್ನು ಬರೆದವರ ಶ್ರಮವು ಸಾರ್ಥಕವಾದೀತು.