ಕೊನೆಯ ಸೈಕಲ್ಲು

ಸೈಕಲ್ ಸವಾರಿ ಒಬ್ಬಂಟಿಯ ವಿದ್ಯೆಯೆಂದು ನಾನು ಬಹುಕಾಲ ನಂಬಿದ್ದೆ. ಎತ್ತಿನ ಗಾಡಿಯಲ್ಲಿ ಸಂಸಾರವೆಲ್ಲ ಕೂರಬಹುದು. ಬಸ್ಸಿನಲ್ಲಿ ಅರ್ಧ ಊರೇ ಕೂರಬಹುದು. ಸೈಕಲ್ಲಿನ ಮೇಲೆ ಮಾತ್ರ ಅವರವರ ಕಾಲೇ ಅವರವರಿಗೆ ಗತಿ. ಒಬ್ಬನ ಪೆಡಲನ್ನು ಇನ್ನೊಬ್ಬ ತುಳಿಯಲಾರ. ಕಳೆದ ಮಾಗಿಯ ಒಂದು ಭಾನುವಾರ ಈ ನಂಬಿಕೆ ಮೇಲುಕೋಟೆಯ ದಾರಿಯಲ್ಲಿ ಉರುಳಿಬಿತ್ತು. ಉರುಳಿದ ಬಗೆಯನ್ನು ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇ ಈ ವಾರದ ಹರಟೆ.

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಹುಟ್ಟುವ ಹುರುಪುಗಳು ಸಾಮಾನ್ಯವಾಗಿ ಗಂಟೆ ಬಾರಿಸುವುದರೊಳಗೆ ಸಾಯುತ್ತವೆ. ಈ ಒಂದು ಮಾತ್ರ ಹೇಗೋ ಬದುಕಿಕೊಂಡಿತು. ಗೇರಿನ ಸೈಕಲ್ ಕೊಂಡಿದ್ದ ಭೌತಶಾಸ್ತ್ರದ ಮಿತ್ರರು ಫ್ರಾನ್ಸಿನ ಸುದ್ದಿ ತೆಗೆದರು. ಪ್ಯಾರಿಸ್ಸಿನಿಂದ ಬ್ರೆಸ್ಟ್ ಪಟ್ಟಣಕ್ಕೆ ಹೋಗಿ ಮರಳುವ 1200 ಕಿಲೋಮೀಟರಿನ ಸವಾರಿಯಂತೆ. 1891ರಲ್ಲಿ ಪಂದ್ಯವಾಗಿ ಹುಟ್ಟಿದ್ದು, ಈಗ ಗೆಲುವು ಸೋಲುಗಳ ಗೊಡವೆಯಿಲ್ಲದ ದೀರ್ಘಯಾತ್ರೆಯಾಗಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅವಧಿ ತೊಂಬತ್ತು ಗಂಟೆ. ಹೋಗಬಯಸುವವರು ಮೊದಲು ತಮ್ಮ ತಮ್ಮ ದೇಶಗಳಲ್ಲಿ 200, 300, 400, 600 ಕಿಲೋಮೀಟರುಗಳ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಇನ್ನೂರಕ್ಕೆ ಹದಿಮೂರೂವರೆ ಗಂಟೆಯ ಗಡುವು. “ಇನ್ನೂರು ಬೇಡ, ನಾವು ನೂರನ್ನಾದರೂ ಮುಗಿಸಬಾರದೆ?” ಎಂದರು ಮಿತ್ರರು. ಮೈಸೂರಿನಿಂದ ಮೇಲುಕೋಟೆಗೆ ಸುಮಾರು ಐವತ್ತು, ಹೋಗಿಬಂದರೆ ನೂರು. ಆರು ಜನ ಕೈಯೆತ್ತಿದೆವು.

ಆಗ, ಹಾಜರಿ ಪುಸ್ತಕಗಳನ್ನು ಜೋಡಿಸುತ್ತಿದ್ದ ನಮ್ಮ ಜವಾನರು ತಲೆಯೆತ್ತದೆ ಕೇಳಿದರು: “ನಾನೂ ಬರ್ಲಾ ಸಾರ್?”

ಕೊಠಡಿಯಲ್ಲಿ ಒಂದು ಗಳಿಗೆ ಮೌನ. ಅದರ ಅರ್ಥ ಅವರಿಗೂ ತಿಳಿಯಿತು, ನಮಗೂ ತಿಳಿಯಿತು. ಮರುಕ್ಷಣವೇ ಎಲ್ಲರೂ ಒಟ್ಟಿಗೆ “ಬನ್ನಿ, ಬನ್ನಿ” ಎಂದೆವು. ಆದರೆ ಆ ಗಳಿಗೆ ಹೋಗಿಬಿಟ್ಟಿತ್ತು. ಅವರು ತಮ್ಮ ಹಳ್ಳಿಯಿಂದ ದಿನವೂ ಹನ್ನೆರಡು ಕಿಲೋಮೀಟರು ತುಳಿದು ಬಂದು, ಸಂಜೆ ಅಷ್ಟನ್ನೇ ತುಳಿದು ಹೋಗುವವರು. ಎಷ್ಟೋ ವರ್ಷಗಳಿಂದ ಅದು ನಮಗೆ ಗೊತ್ತಿತ್ತು. ಆದರೂ ಸೈಕಲ್ಲಿನ ಮಾತು ಬಂದಾಗ ಅವರ ನೆನಪು ಒಬ್ಬರಿಗೂ ಆಗಿರಲಿಲ್ಲ. ನಾವು ಆಡುತ್ತಿದ್ದುದು ವ್ಯಾಯಾಮದ ಸೈಕಲ್ಲಿನ ಮಾತು. ಅವರದು ಅನ್ನದ ಸೈಕಲ್ಲು.

ಮನೆಯಲ್ಲಿ ವಿಷಯ ತಿಳಿಸಿದಾಗ ನನ್ನಾಕೆ, “ಬೀದಿಯ ಕೊನೆಯಿಂದ ಕೊತ್ತಂಬರಿ ಸೊಪ್ಪು ತರಲು ಸ್ಕೂಟರು ಬೇಕೆನ್ನುವವರು ಮೇಲುಕೋಟೆಗೆ ಸೈಕಲ್ಲಿನಲ್ಲೆ?” ಎಂದಳು. ಉತ್ತರ ಹೊಳೆಯದಿದ್ದುದರಿಂದ ಹೊರಡುವುದು ಅನಿವಾರ್ಯವಾಯಿತು.

ನಸುಕಿನ ಐದೂವರೆಗೆ ಹೊರಟೆವು. ನನ್ನದು ಎರವಲು ತಂದ ಗೇರಿನ ಸೈಕಲ್ಲು. ಜವಾನರದು ಹಿಂದೆ ಕ್ಯಾರಿಯರಿರುವ ಹಳೆಯ ಕರಿಯ ಸೈಕಲ್ಲು, ತೂಕದಲ್ಲಿ ನಮ್ಮವುಗಳಿಗೆ ಅಜ್ಜ. ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟುವಾಗ ನದಿಯ ಮೇಲೆ ಮಂಜು ಕುಳಿತಿತ್ತು. ಪಾಂಡವಪುರದ ಹೊತ್ತಿಗೆ ಬಿಸಿಲು ಮೂಡಿ, ಕುಂತಿಬೆಟ್ಟದ ಬಂಡೆಗಳು ಕೆಂಪಾಗಿದ್ದವು. ಅಲ್ಲಿಂದ ಮುಂದೆ ಕಬ್ಬಿನ ಗದ್ದೆ. ಎಲ್ಲಿಂದಲೋ ಆಲೆಮನೆಯ ಬಿಸಿ ಬೆಲ್ಲದ ವಾಸನೆ. ಇದಿಷ್ಟೇ ಆಗಿದ್ದರೆ ಸವಾರಿಯೆಂಬುದು ಸ್ವರ್ಗಸುಖವೆಂದು ಬರೆದು ಮುಗಿಸುತ್ತಿದ್ದೆ. ಆದರೆ ಎದುರುಗಾಳಿ ಎದ್ದಿತು.

ಗಾಳಿಗೆ ಬಣ್ಣವಿಲ್ಲ, ರೂಪವಿಲ್ಲ. ಕೈಗಳು ಮಾತ್ರ ಇವೆ, ಎದೆಯ ಮೇಲಿಟ್ಟು ಹಿಂದಕ್ಕೆ ನೂಕುತ್ತದೆ. ಭೌತಶಾಸ್ತ್ರದ ಮಿತ್ರರು ಏದುತ್ತಲೇ ಪಾಠ ಹೇಳಿದರು: ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿ, ಮುಂದಿನವನು ಗಾಳಿಯನ್ನು ಸೀಳಿದರೆ ಅವನ ಬೆನ್ನಿಗೆ ಹತ್ತಿ ಬರುವವನ ಶ್ರಮ ಎಷ್ಟೋ ಇಳಿಯುತ್ತದೆ. ಆದ್ದರಿಂದ ಒಬ್ಬರ ಹಿಂದೊಬ್ಬರು ಸಾಲಾದೆವು. ಮುಂದಿನವರು ದಣಿದಾಗ ಪಕ್ಕಕ್ಕೆ ಸರಿದು ಹಿಂದಕ್ಕೆ ಬರುವುದು, ಎರಡನೆಯವರು ಮೊದಲಿಗರಾಗುವುದು. ಹಿಂದಿನವರಿಗೆ ರಸ್ತೆ ಕಾಣದ ಕಾರಣ ಮುಂದಿನವರೇ ಕೂಗಬೇಕು. “ಗುಂಡಿ!” “ಬಸ್ಸು!” “ಎಮ್ಮೆ!” ಆ ಒಂದೊಂದು ಪದ ಬಾಯಿಂದ ಬಾಯಿಗೆ ಸಾಲಿನ ತುದಿಯವರೆಗೆ ಸಾಗುತ್ತಿತ್ತು. ಕ್ರಿಯಾಪದವಿಲ್ಲದ ವಾಕ್ಯಗಳು ಇಷ್ಟು ಅರ್ಥವತ್ತಾಗಿರಬಲ್ಲವೆಂದು ಕನ್ನಡದ ಅಧ್ಯಾಪಕನಾದ ನನಗೆ ಅಂದೇ ತಿಳಿದದ್ದು. ನನ್ನ ಸರದಿ ಬಂದು ಮುಂದಾದಾಗ ಐದು ನಿಮಿಷದಲ್ಲಿ ಎದೆ ಬಿರಿಯಿತು. ಸರಿದು ಹಿಂದೆ ಬರುತ್ತಾ ಗಮನಿಸಿದೆ: ಜವಾನರ ಸರದಿ ಮಾತ್ರ ಎಲ್ಲರದಕ್ಕಿಂತ ಉದ್ದವಾಗಿತ್ತು. “ನೀವು ಹಿಂದ್ಗಡೆ ಇರಿ ಸಾರ್, ನನಗಿದು ರೂಢಿ” ಎಂದು ಅವರು ಮುಂದುವರಿದಿದ್ದರು.

ಜಕ್ಕನಹಳ್ಳಿಯಲ್ಲಿ ತಿರುಗಿ ಮೇಲುಕೋಟೆಯ ಏರನ್ನು ಹಿಡಿದಾಗ ಸಾಲು ಮುರಿಯಿತು. ಏರಿನಲ್ಲಿ ವೇಗವಿಲ್ಲ, ವೇಗವಿಲ್ಲದಲ್ಲಿ ಮುಂದಿನವರ ಮರೆಯೂ ಹೆಚ್ಚು ಕಾಯುವುದಿಲ್ಲ. ಒಬ್ಬೊಬ್ಬರೇ ತಿರುವುಗಳಲ್ಲಿ ಮರೆಯಾದರು. ನಾನು ಕೊನೆಯವನಾದೆ. ಕಾಲು ಸೋತದ್ದಕ್ಕಿಂತ ಹೆಚ್ಚಾಗಿ, ಸೋತವನೆಂದು ಕಾಣುವ ಭಯ ನನ್ನನ್ನು ಹಿಂಡಿತು. ರಸ್ತೆಯ ಬದಿಗೆ ಇಳಿದು, ನನಗಿಂತ ತುಸು ಮುಂದಿದ್ದ ಜವಾನರಿಗೆ ಒಂದು ಸುಳ್ಳು ಹೇಳಿದೆ: “ಚೈನು ಕಳಚುವಂತಿದೆ. ನೀವು ನಡೆಯಿರಿ, ನಾನು ಸರಿಮಾಡಿಕೊಂಡು ಬರುತ್ತೇನೆ.” ಅವರು ಹೋದೊಡನೆ ಯಾವುದಾದರೂ ಗಾಡಿಗೆ ಕೈ ತೋರಿಸುವುದು ನನ್ನ ಸಂಕಲ್ಪ.

ಅವರು ಹೋಗಲಿಲ್ಲ. ಸೈಕಲ್ಲನ್ನು ಮರಕ್ಕೊರಗಿಸಿ ಬಂದು, ಕುಕ್ಕರಗಾಲಿನಲ್ಲಿ ಕುಳಿತು ಪೆಡಲನ್ನು ತಿರುಗಿಸಿದರು. ಚೈನು ಗೀರೂ ಇಲ್ಲದೆ ಜುಳುಜುಳು ಓಡಿತು. ಒಮ್ಮೆ ನನ್ನ ಮುಖವನ್ನು ನೋಡಿದರು. ಬಳಿಕ ಚೈನನ್ನು ಅಲ್ಲಿ ಇಲ್ಲಿ ಒತ್ತಿ, ಬೆರಳಿಗೆ ಮಸಿ ಮಾಡಿಕೊಂಡು, ಚೆನ್ನಾಗಿ ಐದು ನಿಮಿಷ ಕಳೆದರು. ಅಷ್ಟರಲ್ಲಿ ನನ್ನ ಉಸಿರು ಹದಕ್ಕೆ ಬಂದಿತ್ತು.

“ಸರಿಹೋಯ್ತು ಸಾರ್. ಮೇಲಕ್ಕೆ ನೋಡ್ಬೇಡಿ. ನನ್ನ ಹಿಂದಿನ ಚಕ್ರ ನೋಡ್ಕೊಂಡು ಬನ್ನಿ.”

ನೋಡಿಕೊಂಡು ಹೋದೆ. ಬೆಟ್ಟವೂ ಕಾಣಲಿಲ್ಲ, ದೂರವೂ ಕಾಣಲಿಲ್ಲ. ಮಣ್ಣು ಹತ್ತಿದ ಒಂದು ಟಯರು ಮಾತ್ರ ಮೆಲ್ಲನೆ ತಿರುಗುತ್ತಿತ್ತು. ಅದು ನಿಂತಾಗ ತಲೆಯೆತ್ತಿದರೆ ಎದುರಿಗೆ ಕಲ್ಯಾಣಿ, ಅದರಾಚೆ ಬೆಟ್ಟದ ನೆತ್ತಿಯಲ್ಲಿ ಯೋಗನರಸಿಂಹನ ಗುಡಿ. ಉಳಿದ ಐವರು ಮೆಟ್ಟಿಲ ಮೇಲೆ ಕುಳಿತಿದ್ದರು. ಪುಳಿಯೋಗರೆಯ ಪೊಟ್ಟಣಗಳು ಅವರ ಪಕ್ಕದಲ್ಲಿದ್ದವು; ಒಂದನ್ನೂ ಬಿಚ್ಚಿರಲಿಲ್ಲ. “ಏನಾಯಿತು?” ಎಂದು ಕೇಳಿದರು. “ಚೈನು ತೊಂದರೆ ಕೊಡ್ತು” ಎಂದು ನನಗಿಂತ ಮೊದಲು ಜವಾನರೇ ಉತ್ತರ ಕೊಟ್ಟರು. ಏಳು ಜನ ಒಟ್ಟಿಗೆ ಕುಳಿತು ಉಂಡ ಆ ಪುಳಿಯೋಗರೆಯ ರುಚಿಯನ್ನು ವರ್ಣಿಸುವ ಸಾಹಸಕ್ಕೆ ಹೋಗಲಾರೆ.

ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು, ದಾರಿ ಇಳಿಜಾರಿತ್ತು. ಅಪರಾಹ್ನ ಮೂರಕ್ಕೆ ಮೈಸೂರು ಸೇರಿದೆವು. ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆನೆಂಬುದನ್ನು ಬಿಟ್ಟರೆ ನನಗೇನೂ ಆಗಲಿಲ್ಲ.

ಸೋಮವಾರ ಜವಾನರು ಎಂದಿನಂತೆ ಹಾಜರಿ ಪುಸ್ತಕ ಹಿಡಿದು ಬಂದರು. ನಾನು ಎದ್ದು ಒಂದು ಕುರ್ಚಿಯನ್ನು ಅವರತ್ತ ಎಳೆದೆ. ಅವರು ನಕ್ಕು, “ಬೆಲ್ ಹೊಡೀಬೇಕು ಸಾರ್” ಎಂದು ಹೊರಟುಹೋದರು. ನೂರು ಕಿಲೋಮೀಟರು ಒಂದೇ ಸಾಲಿನಲ್ಲಿ ಬಂದವರು ಕಾಲೇಜಿನ ಗೇಟಿನೊಳಗೆ ಮತ್ತೆ ನಮ್ಮ ನಮ್ಮ ಸಾಲುಗಳಿಗೆ ಸೇರಿಕೊಂಡಿದ್ದೆವು. ಆ ಕುರ್ಚಿ ಆ ದಿನವೆಲ್ಲ ಹಾಗೆಯೇ ಖಾಲಿಯಿತ್ತು.

ಮುಂದಿನ ತಿಂಗಳು ಸೋಮನಾಥಪುರಕ್ಕೆ ಹೋಗುವ ಮಾತು ನಡೆದಿದೆ. ದಿನವನ್ನು ಇನ್ನೂ ಗೊತ್ತುಮಾಡಿಲ್ಲ. ಮೊದಲು ಅವರನ್ನು ಕೇಳಬೇಕು: “ನಾವೂ ಬರಬಹುದೆ?”