ಹೆಬ್ಬಾಗಿಲಿನ ಕಾವಲು

ಅಂತರಜಾಲಕ್ಕೆ ತೆರೆದುಕೊಂಡ ಗಣಕಯಂತ್ರಗಳನ್ನು ರಕ್ಷಿಸುವ ಸಾಧನಕ್ಕೆ ‘ಫೈರ್‌ವಾಲ್’ ಎಂದು ಹೆಸರು. ಕಟ್ಟಡದ ಒಂದು ಭಾಗದ ಬೆಂಕಿ ಮತ್ತೊಂದಕ್ಕೆ ಹಬ್ಬದಂತೆ ಕಟ್ಟುವ ಗೋಡೆಯಿಂದ ಬಂದ ಮಾತಿದು. ಈ ಹೆಸರು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಗೋಡೆ ಎಲ್ಲವನ್ನೂ ತಡೆಯುತ್ತದೆ. ಇದಾದರೋ ಬೇಕಾದುದನ್ನು ಒಳಬಿಟ್ಟು ಬೇಡವಾದುದನ್ನು ತಡೆಯಬೇಕು. ಇದು ಹೆಬ್ಬಾಗಿಲು, ಹೆಬ್ಬಾಗಿಲಿಗೆ ಕಾವಲುಗಾರ ಬೇಕು.

ಕೊಳ್ಳುವಾಗ ನಾವು ಬೆಲೆಯನ್ನೂ ವೇಗವನ್ನೂ ವಿಚಾರಿಸುತ್ತೇವೆಯೇ ಹೊರತು ಕಾಯುವವರಾರೆಂದು ಕೇಳುವುದಿಲ್ಲ. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳನ್ನು ಹೊಕ್ಕಿತು. ಕಡತಗಳ ವಿನಿಮಯಕ್ಕಾಗಿ ವಿಂಡೋಸ್ ಬಳಸುವ 445ನೆಯ ದ್ವಾರವೇ ಅದರ ಮಾರ್ಗ. ಸಾವಿರಾರು ರೋಗಿಗಳ ಭೇಟಿಗಳು ರದ್ದಾದುವು. ದೋಷ ತಿದ್ದುವ ತಂತ್ರಾಂಶವನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲಿಯೇ ನೀಡಿತ್ತು. ಅದನ್ನು ಅಳವಡಿಸಿರಲಿ ಬಿಡಲಿ, ಅಂತರಜಾಲದತ್ತ ಮುಖಮಾಡಿದ ಫೈರ್‌ವಾಲುಗಳನ್ನು ನಿರ್ವಹಿಸಿದ್ದರೆ ಸೋಂಕನ್ನು ತಡೆಯಬಹುದಿತ್ತೆಂದು ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಅದೇ ವರ್ಷ ವರದಿ ಮಾಡಿತು.

ಆದುದರಿಂದ ಎಲ್ಲ ದ್ವಾರಗಳನ್ನೂ ಮೊದಲು ಮುಚ್ಚಿ, ಅಗತ್ಯವಾದುವನ್ನು ಮಾತ್ರ ತೆರೆಯುವಂತಹ, ಅದರ ನಿಯಮಗಳನ್ನು ನಮ್ಮವರೇ ಓದಿ ತಿಳಿಯಬಲ್ಲಂತಹ ಸಾಧನವೇ ಶಾಲೆಗೆ ಯೋಗ್ಯವೆಂಬುದು ನನ್ನ ಮತ. ಬಲ್ಲ ಅಧ್ಯಾಪಕರೊಬ್ಬರಿದ್ದರೆ ಉಚಿತವಾಗಿ ದೊರೆಯುವ ‘ಓಪಿಎನ್‌ಸೆನ್ಸ್’ ಕೂಡ ಸಾಕಾದೀತು. ಬೆಲೆಬಾಳುವ ಸಾಧನಗಳಲ್ಲಿ ಅನೇಕಕ್ಕೆ ಹೊಸ ಅಪಾಯಗಳ ತಿಳಿವಳಿಕೆ ದೊರೆಯುವುದು ವಾರ್ಷಿಕ ಚಂದಾ ತೆತ್ತರಷ್ಟೇ. ದಾನಿ ಮಹನೀಯರ ಹೆಸರನ್ನು ಯಂತ್ರದ ಮೇಲೆ ಕೆತ್ತಿಸಬಹುದು. ಚಂದಾದ ಮೇಲೆ ಕೆತ್ತಿಸಲು ಸ್ಥಳವಿಲ್ಲ. ಆದರೂ ಅವರಲ್ಲಿ ನಾನು ಬೇಡುವುದು ಐದು ವರ್ಷಗಳ ಆ ಚಂದಾ ಮತ್ತು ಒಬ್ಬ ಅಧ್ಯಾಪಕರ ತರಬೇತಿಯ ವೆಚ್ಚ.